ವಿಶ್ವವಿದ್ಯಾಲಯ ಮತ್ತು ಸಾಮಾಜಿಕ ಜಾಲತಾಣಗಳು: ಸಾಧ್ಯತೆ, ಅಪಾಯ ಹಾಗೂ ನಿರ್ವಹಣೆ
(ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಪರಿಸರದ ಕನ್ನಡ ಅಧ್ಯಯನವನ್ನು ಅನುಲಕ್ಷಿಸಿ)

1. ಪ್ರವೇಶ

ವಿಶ್ವವಿದ್ಯಾಲಯವೆಂಬುದು ಮಾತಿನ ಬಗೆಗಳನ್ನು ಬೇರ್ಪಡಿಸಿ ಇರಿಸಿಕೊಂಡು ಬಂದ ಸಂಸ್ಥೆ. ತರಗತಿಯಲ್ಲಿ ಅಧ್ಯಾಪಕರು ಆಡುವ ಮಾತು ಒಂದು ಬಗೆ. ಕುಲಸಚಿವರ ಸಹಿಯೊಡನೆ ಸೂಚನಾ ಫಲಕಕ್ಕೆ ಬರುವ ಮಾತು ಇನ್ನೊಂದು ಬಗೆ. ಅಚ್ಚಾಗಿ ಗ್ರಂಥಾಲಯವನ್ನು ಸೇರುವ ಮಾತು ಮತ್ತೊಂದು. ಕ್ಯಾಂಟೀನಿನಲ್ಲಿ ಗೆಳೆಯರು ಆಡಿಕೊಳ್ಳುವ ಮಾತು ಮಗುದೊಂದು. ಪ್ರತಿಯೊಂದಕ್ಕೂ ಅದರದೇ ಆದ ಹೊಣೆ, ಆಯುಸ್ಸು ಮತ್ತು ಕೇಳುಗರ ವಲಯ ಇದ್ದಿತು. ಕ್ಯಾಂಟೀನಿನ ಮಾತಿಗೆ ಕುಲಸಚಿವರು ಉತ್ತರ ಹೇಳಬೇಕಿರಲಿಲ್ಲ. ಅಚ್ಚಾದ ಮಾತನ್ನು ಮರುದಿನ ಅಳಿಸುವಂತಿರಲಿಲ್ಲ. ಸಾಮಾಜಿಕ ಜಾಲತಾಣಗಳು ಈ ನಾಲ್ಕೂ ಬಗೆಗಳನ್ನು ಅಂಗೈಯಗಲದ ಒಂದೇ ಪರದೆಯ ಮೇಲೆ ತಂದಿರಿಸಿವೆ. ಅವುಗಳಿಂದ ಒದಗುವ ಅನುಕೂಲಗಳಿಗೂ ಉಂಟಾಗುವ ತೊಡಕುಗಳಿಗೂ ಈ ಬೆರಕೆಯೇ ಮೂಲ.

'ಸಾಮಾಜಿಕ ಜಾಲತಾಣ' ಎಂಬ ಮಾತನ್ನು ಇಲ್ಲಿ ವಿಶಾಲಾರ್ಥದಲ್ಲಿ ಬಳಸಲಾಗಿದೆ. 2004ರಲ್ಲಿ ಆರಂಭವಾದ ಫೇಸ್‌ಬುಕ್, 2005ರ ಯೂಟ್ಯೂಬ್, 2009ರ ವಾಟ್ಸಾಪ್ ಇವುಗಳ ಜೊತೆಗೆ, ಓದುಗರೇ ಬರಹಗಾರರಾಗಿ ಕಟ್ಟುವ ವಿಕಿಪೀಡಿಯವೂ ಈ ವರ್ಗಕ್ಕೆ ಸೇರುತ್ತದೆ. ಬಳಸುವವರೇ ಒದಗಿಸಿದ ಬರಹ, ಧ್ವನಿ, ಚಿತ್ರಗಳಿಂದ ಬೆಳೆಯುವುದು ಇವೆಲ್ಲವುಗಳ ಸಮಾನ ಲಕ್ಷಣ. ಇವು ಉನ್ನತ ಶಿಕ್ಷಣಕ್ಕೆ, ವಿಶೇಷವಾಗಿ ಹೊರನಾಡಿನ ಕನ್ನಡ ಅಧ್ಯಯನಕ್ಕೆ, ಯಾವ ಸಾಧ್ಯತೆಗಳನ್ನು ತೆರೆದಿವೆ, ಯಾವ ಅಪಾಯಗಳನ್ನು ತಂದಿವೆ, ಅವುಗಳನ್ನು ನಿರ್ವಹಿಸುವ ಬಗೆ ಯಾವುದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2. ಪರಿಸರದ ಸ್ವರೂಪ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಭಾರತದ ಮೊದಲ ಪ್ರಯಾಣಿಕ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿಗಳು ಕಲ್ಯಾಣವನ್ನು ಮುಟ್ಟಿದವು. ಅಂದಿನಿಂದ ಈ ಪ್ರದೇಶದ ಜನಜೀವನವನ್ನು ರೂಪಿಸಿದ್ದು ರೈಲು. ಮುಂಬಯಿ ನಗರದಲ್ಲಿ ಮನೆ ಮಾಡಲಾಗದ ಮಧ್ಯಮ ಮತ್ತು ಕೆಳಮಧ್ಯಮ ವರ್ಗದ ಕನ್ನಡಿಗರು ಡೊಂಬಿವಲಿ, ಕಲ್ಯಾಣಗಳತ್ತ ಸರಿದರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾದ ಮೇಲೆ ಕೊಲ್ಲಿಯ ಆಚೆ ವಾಶಿ, ನೆರೂಳ್ ಮೊದಲಾದ ಬಡಾವಣೆಗಳು ಎದ್ದು ನವಿ ಮುಂಬಯಿ ಬೆಳೆಯಿತು. ತುಳುನಾಡಿನವರು, ಉತ್ತರ ಕರ್ನಾಟಕದವರು, ಹಳೆಯ ಮೈಸೂರಿನವರು ಇಲ್ಲಿ ಅಕ್ಕಪಕ್ಕದ ಕಟ್ಟಡಗಳಲ್ಲಿ ನೆಲೆಸಿದ್ದಾರೆ. ಡೊಂಬಿವಲಿ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ನಡೆಸುತ್ತ ಬಂದಿರುವುದು ಈ ನೆಲೆಯೂರಿಕೆಗೆ ಸಾಕ್ಷಿ.

ಇಲ್ಲಿನ ಕನ್ನಡ ವಿದ್ಯಾರ್ಥಿಯ ಸ್ಥಿತಿ ಧಾರವಾಡದ ಅಥವಾ ಮೈಸೂರಿನ ವಿದ್ಯಾರ್ಥಿಯ ಸ್ಥಿತಿಗಿಂತ ಭಿನ್ನವಾದುದು. ಅವನಿಗೆ ಅಥವಾ ಅವಳಿಗೆ ಕನ್ನಡ ಮನೆಯ ಭಾಷೆ ಅಥವಾ ಕಲಿತ ಭಾಷೆ. ಬೀದಿಯ ಭಾಷೆ ಮರಾಠಿ. ಕಚೇರಿಯ ಭಾಷೆ ಇಂಗ್ಲಿಷ್. ಸ್ನಾತಕೋತ್ತರ ಪದವಿಗೆ ಸೇರುವವರಲ್ಲಿ ಉದ್ಯೋಗಸ್ಥರು, ಗೃಹಿಣಿಯರು, ಶಾಲಾ ಶಿಕ್ಷಕರು ಇರುತ್ತಾರೆ. ಕಲ್ಯಾಣದಿಂದ ಮುಂಬಯಿಯ ಕೊನೆಯ ನಿಲ್ದಾಣಕ್ಕೆ ಸುಮಾರು 50 ಕಿಲೋಮೀಟರು. ಕಲೀನಾದ ವಿಶ್ವವಿದ್ಯಾಲಯ ಆವರಣಕ್ಕೆ ಬರಲು ಕುರ್ಲಾದಲ್ಲಿ ಇಳಿದು ಮತ್ತೆ ಬಸ್ಸನ್ನೋ ರಿಕ್ಷಾವನ್ನೋ ಹಿಡಿಯಬೇಕು. ಒಂದು ಗಂಟೆಯ ಪಾಠಕ್ಕೆ ಮೂರು ಗಂಟೆಯ ಪ್ರಯಾಣ.

ಕಲಿಕೆಯನ್ನು ದುಡಿಮೆಯ ವೇಳೆಗೆ ಹೊಂದಿಸಿಕೊಳ್ಳುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದವರ ಪರಂಪರೆ ಇಲ್ಲಿದೆ. ಆ ಶಾಲೆಗಳು ವಿದ್ಯಾರ್ಥಿ ಬರಬಲ್ಲ ವೇಳೆಗೆ ಬಾಗಿಲು ತೆರೆದವು. ಸಾಮಾಜಿಕ ಜಾಲತಾಣವನ್ನು ವಿದ್ಯಾಸಂಸ್ಥೆ ಏಕೆ ಬಳಸಬೇಕು ಎಂಬ ಪ್ರಶ್ನೆಗೆ ಈ ಪರಂಪರೆಯಲ್ಲಿಯೇ ಉತ್ತರವಿದೆ.

3. ಸಾಧ್ಯತೆಗಳು

ಈ ಉತ್ತರದ ಪರೀಕ್ಷೆ 2020ರಲ್ಲಿ ನಡೆಯಿತು. ಆ ವರ್ಷದ ಮಾರ್ಚಿನಲ್ಲಿ ಲೋಕಲ್ ರೈಲುಗಳು ನಿಂತವು. ಜೂನಿನಿಂದ ಅಗತ್ಯ ಸೇವೆಯ ಸಿಬ್ಬಂದಿಗೆ ಓಡಾಟ ಆರಂಭವಾಯಿತಾದರೂ ಸಾಮಾನ್ಯ ಪ್ರಯಾಣಿಕರಿಗೆ ನಿರ್ದಿಷ್ಟ ವೇಳೆಯಲ್ಲಿ ಪ್ರವೇಶ ದೊರೆತದ್ದು 2021ರ ಫೆಬ್ರವರಿ 1ರಿಂದ. ಈ ಅವಧಿಯಲ್ಲಿ ಡೊಂಬಿವಲಿ, ಕಲ್ಯಾಣಗಳ ವಿದ್ಯಾರ್ಥಿಗೆ ವಿಶ್ವವಿದ್ಯಾಲಯವೆಂದರೆ ಕೈಯಲ್ಲಿದ್ದ ದೂರವಾಣಿಯೇ ಆಗಿತ್ತು. ಪಾಠದ ಧ್ವನಿಮುದ್ರಣ, ಪುಸ್ತಕದ ಪುಟಗಳ ಛಾಯಾಚಿತ್ರ, ಪರೀಕ್ಷೆಯ ಸೂಚನೆ ಎಲ್ಲವೂ ವಾಟ್ಸಾಪ್ ಗುಂಪಿನ ಮೂಲಕ ಬಂದವು. ಅನಿವಾರ್ಯತೆಯಿಂದ ಬಂದ ಈ ವ್ಯವಸ್ಥೆ ಅನಿವಾರ್ಯತೆ ಕಳೆದ ಮೇಲೂ ಉಳಿದುಕೊಂಡಿತು. ಆದರೆ ಅದಕ್ಕೆ ತಕ್ಕ ನಿಯಮಗಳು ಎಲ್ಲೆಡೆ ರೂಪುಗೊಳ್ಳಲಿಲ್ಲ.

ಎರಡನೆಯ ಸಾಧ್ಯತೆ ಕ್ಷೇತ್ರಕಾರ್ಯಕ್ಕೆ ಸಂಬಂಧಿಸಿದುದು. ಹೊರನಾಡ ಕನ್ನಡದ ಸ್ವರೂಪವನ್ನು ಅಭ್ಯಸಿಸುವವರಿಗೆ ಸಂಘಗಳ ಕರಪತ್ರ, ಯಕ್ಷಗಾನ ಪ್ರದರ್ಶನದ ಮುದ್ರಿಕೆ, ಹಿರಿಯರ ನೆನಪುಗಳು ಮುಖ್ಯ ಆಕರಗಳು. ಇವು ಈಗ ಮೊದಲು ಕಾಣಿಸಿಕೊಳ್ಳುವುದೇ ಜಾಲತಾಣಗಳಲ್ಲಿ. ಮರಾಠಿಯ ಪ್ರಭಾವದಿಂದ ಕನ್ನಡ ವಾಕ್ಯರಚನೆಯಲ್ಲಿ ಆಗುವ ವ್ಯತ್ಯಾಸ, ತುಳು–ಕನ್ನಡ–ಹಿಂದಿಗಳ ನಡುವಿನ ಜಿಗಿತ ಮೊದಲಾದ ವಿಷಯಗಳಿಗೆ ದಿನನಿತ್ಯದ ಬರಹರೂಪದ ಸಂಭಾಷಣೆ ಸಮೃದ್ಧವಾದ ಸಾಮಗ್ರಿ. ಹಿಂದೆ ಆಡುಮಾತಿನ ದಾಖಲೆಗಾಗಿ ಧ್ವನಿಮುದ್ರಕ ಹೊತ್ತು ಅಲೆಯಬೇಕಾಗಿತ್ತು. ಈಗ ಆಡುಮಾತೇ ಅಕ್ಷರರೂಪ ತಾಳಿ ಎದುರಿಗೆ ನಿಂತಿದೆ.

ಮೂರನೆಯದು ಜ್ಞಾನನಿರ್ಮಾಣ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ 2013ರಿಂದ ಭಾಷಾ ವಿದ್ಯಾರ್ಥಿಗಳಿಂದ ಲೇಖನ ಬರೆಯಿಸುವ ಪ್ರಯೋಗ ಕೈಗೊಂಡಿತು. 2016ರಲ್ಲಿ ತುಳು ವಿಕಿಪೀಡಿಯ ಸ್ವತಂತ್ರ ಅಸ್ತಿತ್ವ ಪಡೆಯಿತು. ಮೌಲ್ಯಮಾಪನದ ಬಳಿಕ ರದ್ದಿಗೆ ಸೇರುವ ಕಿರುಪ್ರಬಂಧದ ಬದಲು ಡೊಂಬಿವಲಿಯ ಒಂದು ಕನ್ನಡ ಸಂಸ್ಥೆಯ ಇತಿಹಾಸವನ್ನೋ, ಮುಂಬಯಿಯ ಒಬ್ಬ ಲೇಖಕನ ಕೃತಿಸೂಚಿಯನ್ನೋ ವಿದ್ಯಾರ್ಥಿ ಆಧಾರಸಹಿತವಾಗಿ ಬರೆದು ಪ್ರಕಟಿಸಿದರೆ ಅದು ಲೋಕಕ್ಕೆ ಉಳಿಯುತ್ತದೆ. ಆಧಾರವಿಲ್ಲದ ವಾಕ್ಯವನ್ನು ಅಪರಿಚಿತ ಸಂಪಾದಕರು ತೆಗೆದುಹಾಕುತ್ತಾರೆ ಎಂಬುದೇ ಸಂಶೋಧನೆಯ ಮೊದಲ ಪಾಠವಾಗಬಲ್ಲುದು.

4. ಅಪಾಯಗಳು

ಅಪಾಯಗಳ ಎರಡು ತುದಿಗಳನ್ನು 2012ರ ಎರಡು ಘಟನೆಗಳು ತೋರಿಸಿಕೊಟ್ಟಿವೆ. ಆ ವರ್ಷದ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಯ ಹಿನ್ನೆಲೆಯಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆಯೆಂಬ ವದಂತಿ ಕಿರುಸಂದೇಶಗಳ ಹಾಗೂ ಜಾಲತಾಣಗಳ ಮೂಲಕ ಹಬ್ಬಿತು. ವಿದ್ಯಾರ್ಥಿಗಳೂ ಸೇರಿದಂತೆ ಸಹಸ್ರಾರು ಜನ ಬೆಂಗಳೂರನ್ನು ಬಿಟ್ಟು ಗುವಾಹಟಿಯ ರೈಲು ಹಿಡಿದರು. ಕೇಂದ್ರ ಸರ್ಕಾರ ಸಾಮೂಹಿಕ ಕಿರುಸಂದೇಶಗಳ ಮೇಲೆ ತಾತ್ಕಾಲಿಕ ಮಿತಿ ಹೇರಬೇಕಾಯಿತು. ಇದು ಹೊಣೆಯಿಲ್ಲದ ಮಾತಿನಿಂದ ಒದಗಿದ ಅಪಾಯ.

ಎರಡನೆಯ ಘಟನೆ ಪಾಲಘರದಲ್ಲಿ, ಅಂದರೆ ಅಂದಿನ ಥಾಣೆ ಜಿಲ್ಲೆಯಲ್ಲಿಯೇ, ನಡೆಯಿತು. ಪಾಲಘರ ಪ್ರತ್ಯೇಕ ಜಿಲ್ಲೆಯಾದದ್ದು 2014ರ ಆಗಸ್ಟಿನಲ್ಲಿ. 2012ರ ನವೆಂಬರ್ 17ರಂದು ಬಾಳ ಠಾಕರೆಯವರು ನಿಧನರಾದಾಗ ನಗರ ಸ್ತಬ್ಧವಾದುದನ್ನು ಪ್ರಶ್ನಿಸಿ ಒಬ್ಬ ತರುಣಿ ಫೇಸ್‌ಬುಕ್ಕಿನಲ್ಲಿ ಕೆಲವು ಸಾಲು ಬರೆದಳು; ಇನ್ನೊಬ್ಬಳು ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದಳು. ಇಬ್ಬರೂ ಬಂಧನಕ್ಕೊಳಗಾದರು. ಬರೆದವಳ ಬಂಧುವಿನ ಚಿಕಿತ್ಸಾಲಯವನ್ನು ಗುಂಪೊಂದು ಧ್ವಂಸಮಾಡಿತು. ಆಮೇಲೆ ಜಾಮೀನು ದೊರೆಯಿತು, ಪೊಲೀಸ್ ಅಧಿಕಾರಿಗಳು ಅಮಾನತುಗೊಂಡರು, ಮೊಕದ್ದಮೆಯೂ ಮುಕ್ತಾಯಗೊಂಡಿತು. ಆದರೆ ವಿದ್ಯಾರ್ಥಿ ವಯಸ್ಸಿನ ಇಬ್ಬರು ಅನುಭವಿಸಿದ ಭಯವನ್ನು ಯಾವ ಆದೇಶವೂ ಹಿಂದೆಗೆದುಕೊಳ್ಳಲಾರದು. ಇದು ಮಾತಿಗೆ ಮೀರಿದ ದಂಡನೆಯಿಂದ ಒದಗಿದ ಅಪಾಯ. ಜಾಲತಾಣ ನಿರ್ವಹಣೆಯ ಯಾವ ಯೋಜನೆಯೇ ಆಗಲಿ ಈ ಎರಡು ಅಪಾಯಗಳನ್ನೂ ಏಕಕಾಲಕ್ಕೆ ಕಣ್ಣೆದುರು ಇರಿಸಿಕೊಳ್ಳಬೇಕು. ಮೊದಲನೆಯದಕ್ಕೆ ಹೆದರಿದ ಸಂಸ್ಥೆ ಎರಡನೆಯದನ್ನು ಎಸಗುತ್ತದೆ.

ವದಂತಿಯ ಭೀಕರತೆ 2018ರಲ್ಲಿ ಮತ್ತೆ ಪ್ರಕಟವಾಯಿತು. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯಿಂದ ಜುಲೈ 1ರಂದು ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು ಅಲೆಮಾರಿಗಳು ಹತರಾದರು. ಅದೇ ತಿಂಗಳು ಬೀದರ ಜಿಲ್ಲೆಯಲ್ಲಿ ಹೈದರಾಬಾದಿನ ಒಬ್ಬ ತಂತ್ರಜ್ಞ ಪ್ರಾಣ ಕಳೆದುಕೊಂಡ. ಭಾರತದಲ್ಲಿ ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸಬಹುದೆಂಬ ಮಿತಿಯನ್ನು ವಾಟ್ಸಾಪ್ ತಂದದ್ದು ಆಗ.

ಇಂಥ ಪ್ರಾಣಾಪಾಯಗಳ ಎದುರು ಪಠ್ಯದ ಅಪಾಯ ಅಲ್ಪವೆಂದು ತೋರಬಹುದು. ಕನ್ನಡ ವಿಭಾಗಕ್ಕೆ ಮಾತ್ರ ಅದು ಅಲ್ಪವಲ್ಲ. ಬಸವಣ್ಣನವರದೆಂದು, ಕುವೆಂಪು ಅವರದೆಂದು, ಡಿ. ವಿ. ಜಿ.ಯವರದೆಂದು ಗುಂಪುಗಳಲ್ಲಿ ಸುತ್ತುವ ಸಾಲುಗಳೆಲ್ಲ ಅವರವೇ ಆಗಿರಬೇಕಿಲ್ಲ. ಕೊನೆಯಲ್ಲಿ 'ಮಂಕುತಿಮ್ಮ' ಎಂದಿದ್ದರೆ ಕಗ್ಗವೆಂದೇ ನಂಬುವುದು ರೂಢಿಯಾಗಿದೆ. ಕಗ್ಗದ 945 ಪದ್ಯಗಳೊಡನೆ ಹೋಲಿಸಿ ನೋಡುವುದು ಕಷ್ಟದ ಕೆಲಸವೇನಲ್ಲ, ನೋಡುವವರು ವಿರಳ. ವಾಸ್ತವವಾಗಿ ಇದು ಹಳೆಯ ಸಮಸ್ಯೆಯ ಹೊಸ ರೂಪ. 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿದ ಉತ್ತಂಗಿ ಚನ್ನಪ್ಪನವರ ಮುಂದೆ ಇದ್ದುದೂ ಇದೇ ತೊಡಕು: ಜನಪ್ರಿಯ ಅಂಕಿತವೊಂದು ಬೇರೆಯವರ ರಚನೆಗಳನ್ನೂ ತನ್ನತ್ತ ಸೆಳೆದುಕೊಳ್ಳುತ್ತದೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದ ವಿದ್ಯಾರ್ಥಿಗೆ ಲಿಪಿಕಾರನ ಪ್ರಮಾದ, ಪ್ರಕ್ಷೇಪ, ಪಾಠಾಂತರಗಳು ಪರಿಚಿತ. ಸಂದೇಶವನ್ನು ಮುಂದಕ್ಕೆ ರವಾನಿಸುವವನೂ ಒಬ್ಬ ಲಿಪಿಕಾರನೇ. ವ್ಯತ್ಯಾಸವಿಷ್ಟೆ: ಓಲೆಯ ಲಿಪಿಕಾರ ಒಂದು ಪ್ರತಿಗೆ ತಿಂಗಳುಗಟ್ಟಲೆ ಬೆನ್ನು ಬಾಗಿಸುತ್ತಿದ್ದ, ಇವನ ಶ್ರಮ ಒಂದು ಬೆರಳಿನದು.

ಉಳಿದ ಅಪಾಯಗಳನ್ನು ಸಂಕ್ಷೇಪವಾಗಿ ಹೇಳಬಹುದು. ಪರೀಕ್ಷೆಯ ಪಾವಿತ್ರ್ಯ ಅವುಗಳಲ್ಲೊಂದು. ಮಹಾರಾಷ್ಟ್ರದ 12ನೆಯ ತರಗತಿಯ ಕೆಲವು ಪ್ರಶ್ನಪತ್ರಿಕೆಗಳು 2017ರ ಮಾರ್ಚಿನಲ್ಲಿ ಪರೀಕ್ಷೆಗೆ ಮೊದಲೇ ವಾಟ್ಸಾಪಿನಲ್ಲಿ ಕಾಣಿಸಿಕೊಂಡಿದ್ದವು. ಕಿರಿಯ ವಿದ್ಯಾರ್ಥಿಗಳ ಪೀಡನೆ ಇನ್ನೊಂದು. ಹಾಸ್ಟೆಲಿನ ಕೋಣೆಯಲ್ಲಿ ನಡೆಯುತ್ತಿದ್ದುದು ಗುಂಪುಸಂದೇಶಗಳಿಗೆ ವರ್ಗವಾಗಿದೆ. ದೂರವಾಣಿ ಸಂಖ್ಯೆಯ ಬಹಿರಂಗ ಮೂರನೆಯದು. ನೂರು ಜನರ ಗುಂಪಿಗೆ ಸೇರಿದ ಕ್ಷಣವೇ ವಿದ್ಯಾರ್ಥಿನಿಯ ಸಂಖ್ಯೆ ನೂರು ಮಂದಿಗೆ ತಿಳಿಯುತ್ತದೆ. ಅನೇಕ ಮನೆಗಳಲ್ಲಿ ಆ ದೂರವಾಣಿ ಅವಳೊಬ್ಬಳದೇ ಆಗಿರುವುದೂ ಇಲ್ಲ.

ನಾಲ್ಕನೆಯದು ನಶ್ವರತೆ. ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ, ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ, ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಮುಚ್ಚಿದವು. ಅವುಗಳಲ್ಲಿ ನಡೆದಿದ್ದ ಚರ್ಚೆಗಳಲ್ಲಿ ಬೇರೆಡೆ ಉಳಿಸಿಕೊಂಡಷ್ಟೇ ಉಳಿದವು. ಸಾವಿರ ವರ್ಷಗಳ ಶಾಸನಗಳನ್ನು ಓದುವ ವಿಭಾಗವು ತನ್ನದೇ ಹತ್ತು ವರ್ಷಗಳ ದಾಖಲೆಗಳನ್ನು ಕಳೆದುಕೊಳ್ಳುವುದು ವಿಪರ್ಯಾಸ.

5. ಕಾನೂನಿನ ಚೌಕಟ್ಟು

ಪಾಲಘರದ ಘಟನೆಯ ಬೆನ್ನಿಗೆ ಶ್ರೇಯಾ ಸಿಂಘಲ್ ಎಂಬ ತರುಣಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2015ರ ಮಾರ್ಚ್ 24ರಂದು ನ್ಯಾಯಾಲಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸಂವಿಧಾನಬಾಹಿರವೆಂದು ರದ್ದುಗೊಳಿಸಿತು. ಆ ತೀರ್ಪು ಮಾತನ್ನು ಮೂರು ಮೆಟ್ಟಿಲುಗಳಾಗಿ ಗುರುತಿಸುತ್ತದೆ: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲಿನ ಎರಡು, ಅವು ಎಷ್ಟೇ ಅಪ್ರಿಯವಾಗಿದ್ದರೂ, ರಕ್ಷಿತವಾದವು. ಮೂರನೆಯ ಮೆಟ್ಟಿಲನ್ನು ಮುಟ್ಟಿದಾಗ ಮಾತ್ರ ನಿರ್ಬಂಧಕ್ಕೆ ಎಡೆಯುಂಟು. ವಿದ್ಯಾರ್ಥಿಯ ಬರಹವೊಂದರ ಬಗ್ಗೆ ದೂರು ಬಂದಾಗ ಪ್ರಾಚಾರ್ಯರು ಕೇಳಬೇಕಾದ ಮೊದಲ ಪ್ರಶ್ನೆ, ಅದು ಯಾವ ಮೆಟ್ಟಿಲಿನದು ಎಂಬುದೇ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎರಡೇ ವರ್ಷಗಳ ಅನಂತರ, 2019ರ ಜುಲೈಯಲ್ಲಿ, ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒಂದು ಪತ್ರ ಬರೆಯಿತು. ಪ್ರತಿ ಸಂಸ್ಥೆಯೂ ಸಾಮಾಜಿಕ ಜಾಲತಾಣಗಳ ಹೊಣೆಗಾರನೊಬ್ಬನನ್ನು ನೇಮಿಸಬೇಕು, ವಿದ್ಯಾರ್ಥಿಗಳ ಖಾತೆಗಳನ್ನು ಸಂಸ್ಥೆಯ ಮತ್ತು ಸಚಿವಾಲಯದ ಖಾತೆಗಳೊಡನೆ ಜೋಡಿಸಬೇಕು ಎಂಬುದು ಅದರ ಸಾರಾಂಶ. ಒಳ್ಳೆಯ ಕೆಲಸಗಳು ಪ್ರಚಾರಕ್ಕೆ ಬರಲೆಂಬುದು ಹೇಳಿದ ಉದ್ದೇಶ. ಇದು ಕಣ್ಗಾವಲಿಗೆ ದಾರಿಯಾದೀತೆಂಬ ಟೀಕೆ ಬಂದಾಗ, ಜೋಡಣೆ ಐಚ್ಛಿಕವೆಂಬ ಸ್ಪಷ್ಟೀಕರಣ ಹೊರಟಿತು. ಅವಕಾಶ ಮತ್ತು ಅಪಾಯ ಒಂದೇ ಕಾಗದದಲ್ಲಿ ಹೇಗೆ ಅಡಕವಾಗಿರಬಲ್ಲವು ಎಂಬುದಕ್ಕೆ ಈ ಪತ್ರ ನಿದರ್ಶನ.

ಇನ್ನೆರಡು ಸಂಗತಿಗಳು ಗಮನಾರ್ಹ. ಗುಂಪಿನ ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ಸಮಾನ ಉದ್ದೇಶವಿಲ್ಲದಿದ್ದಲ್ಲಿ, ಗುಂಪಿನ ನಿರ್ವಾಹಕ ಹೊಣೆಯಾಗುವುದಿಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ 2021ರಲ್ಲಿ ತೀರ್ಮಾನಿಸಿತು. ಗುಂಪು ನಡೆಸಲು ಅಂಜುವ ಅಧ್ಯಾಪಕರಿಗೆ ಇದು ಸಮಾಧಾನ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಇನ್ನೊಂದು; ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟಗೊಂಡು ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ಈ ಕಾಯಿದೆಯ ದೃಷ್ಟಿಯಲ್ಲಿ 18 ವರ್ಷ ತುಂಬದವರು ಮಕ್ಕಳು. ಮಹಾರಾಷ್ಟ್ರದ ಅನೇಕ ಮಹಾವಿದ್ಯಾಲಯಗಳಲ್ಲಿ 11 ಮತ್ತು 12ನೆಯ ತರಗತಿಗಳೂ ಒಂದೇ ಕಟ್ಟಡದಲ್ಲಿ ನಡೆಯುವುದರಿಂದ ಈ ಅಂಶ ಇಲ್ಲಿ ಹೆಚ್ಚು ಪ್ರಸ್ತುತ.

6. ನಿರ್ವಹಣೆಯ ತತ್ತ್ವ ಮತ್ತು ಕ್ರಮ

ಅಪಾಯವನ್ನು ಅಳೆಯುವಲ್ಲಿ ಎರಡು ಅಂಶಗಳನ್ನು ಪರಿಗಣಿಸುವುದು ವಾಡಿಕೆ: ಅದು ಎಷ್ಟು ಬಾರಿ ಒದಗೀತು, ಒದಗಿದರೆ ಎಷ್ಟು ಹಾನಿಯಾದೀತು. ಎದುರಿಸುವ ಉಪಾಯಗಳು ನಾಲ್ಕು: ವರ್ಜಿಸುವುದು, ತಗ್ಗಿಸುವುದು, ಹಂಚಿಕೊಳ್ಳುವುದು, ಸಹಿಸುವುದು. ತಪ್ಪು ಕಾಗುಣಿತ, ಶುಭೋದಯದ ಚಿತ್ರಗಳ ಮಳೆ ಮೊದಲಾದವು ಪದೇಪದೇ ಒದಗುವ ಅಲ್ಪಹಾನಿಗಳು, ಅವನ್ನು ಸಹಿಸಬಹುದು. ಪ್ರಶ್ನಪತ್ರಿಕೆ, ಅಂಕಪಟ್ಟಿ, ಆಧಾರ್ ಸಂಖ್ಯೆ, ವೈದ್ಯಕೀಯ ಪತ್ರಗಳನ್ನು ಗುಂಪಿಗೆ ತರುವುದು ವಿರಳವಾದರೂ ಮಹಾಹಾನಿಕರ. ಅದನ್ನು ಪೂರ್ಣವಾಗಿ ವರ್ಜಿಸಬೇಕು. ಇವೆರಡರ ನಡುವಿನ ಸಂಗತಿಗಳಿಗೆ ನಿಯಮಗಳು ಬೇಕು.

ಮೊದಲನೆಯದಾಗಿ, ಪ್ರಾರಂಭದಲ್ಲಿ ಹೇಳಿದ ಮಾತಿನ ಬಗೆಗಳನ್ನು ಮತ್ತೆ ಬೇರ್ಪಡಿಸಬೇಕು. ಸೂಚನೆಗಳಿಗೆ ಅಧ್ಯಾಪಕರು ಮಾತ್ರ ಬರೆಯಬಲ್ಲ ಒಂದು ಗುಂಪು, ಚರ್ಚೆಗೆ ಎಲ್ಲರೂ ಬರೆಯಬಲ್ಲ ಇನ್ನೊಂದು ಗುಂಪು ಇರಬೇಕು. ವಿದ್ಯಾರ್ಥಿಗಳು ತಮ್ಮೊಳಗೆ ನಡೆಸುವ ಮೂರನೆಯ ಗುಂಪಿಗೆ ಅಧ್ಯಾಪಕರು ಪ್ರವೇಶ ಬಯಸಬಾರದು. ಆದರೆ ಅಲ್ಲಿ ಪೀಡನೆಯಾದರೆ ದೂರು ಕೊಡಲು ತೆರೆದ ಬಾಗಿಲೊಂದು ವಿಭಾಗದಲ್ಲಿರಬೇಕು.

ಎರಡನೆಯದಾಗಿ, ಪ್ರತಿ ಅಧಿಕೃತ ಖಾತೆಗೂ ಇಬ್ಬರು ನಿರ್ವಾಹಕರಿರಬೇಕು. ಒಬ್ಬರು ನಿವೃತ್ತರಾದರೆ ಖಾತೆ ಅವರೊಡನೆ ಹೋಗಬಾರದು. ಪ್ರಮುಖ ಸೂಚನೆ ಜಾಲತಾಣದಲ್ಲಿ ಬಂದರೂ ಸೂಚನಾ ಫಲಕದ ಮೇಲೂ ಇರಬೇಕು. ದೂರವಾಣಿಯಿಲ್ಲದವರಿಗೆ ಪಾಠ ತಪ್ಪಬಾರದು.

ಮೂರನೆಯದಾಗಿ, ಸಂಶೋಧನೆಯ ನೀತಿ. ಗುಂಪಿನಲ್ಲಿ ಕಂಡ ಸಂಭಾಷಣೆ ಕಣ್ಣಿಗೆ ಬಿದ್ದ ಮಾತ್ರಕ್ಕೆ ಸಂಶೋಧಕನ ಸೊತ್ತಾಗದು. ಮಾತನಾಡಿದವರ ಒಪ್ಪಿಗೆ ಪಡೆದು, ಹೆಸರು ಮತ್ತು ಸಂಖ್ಯೆ ತೆಗೆದು, ದಿನಾಂಕ ನಮೂದಿಸಿ ಬಳಸಬೇಕು. ಹಾಗೆಯೇ ಸಾಹಿತ್ಯಕ ಉದ್ಧರಣೆಯನ್ನು ಮುದ್ರಿತ ಆವೃತ್ತಿಯೊಡನೆ ಹೋಲಿಸದೆ ವಿಭಾಗದ ಗುಂಪಿನಲ್ಲಿ ಹಾಕಕೂಡದೆಂಬ ನಿಯಮ ಕಟ್ಟುನಿಟ್ಟಾಗಿರಬೇಕು. ಸಂಶಯಾಸ್ಪದ ಸಾಲೊಂದನ್ನು ವಾರಕ್ಕೊಮ್ಮೆ ಆರಿಸಿ ಅದರ ಮೂಲ ಹುಡುಕುವುದನ್ನೇ ಗ್ರಂಥಸಂಪಾದನೆಯ ಅಭ್ಯಾಸಪಾಠವಾಗಿ ಇಡಬಹುದು. ಹೀಗೆ ಅಪಾಯವೇ ಪಾಠ್ಯವಸ್ತುವಾಗುತ್ತದೆ.

ನಾಲ್ಕನೆಯದಾಗಿ, ಸಂರಕ್ಷಣೆ. ಉಳಿಸತಕ್ಕ ಉಪನ್ಯಾಸ, ಛಾಯಾಚಿತ್ರ, ಸಂದರ್ಶನಗಳನ್ನು ವರ್ಷಕ್ಕೊಮ್ಮೆ ಆರಿಸಿ, ಯುನಿಕೋಡ್ ಅಕ್ಷರಗಳಲ್ಲಿ ವಿವರ ಬರೆದು ಗ್ರಂಥಾಲಯಕ್ಕೆ ಒಪ್ಪಿಸಬೇಕು. ಜಾಲತಾಣ ಜಗಲಿಯಿದ್ದಂತೆ, ಕಣಜ ಬೇರೆಯೇ ಇರಬೇಕು.

ಐದನೆಯದಾಗಿ, ದೂರಿನ ವಿಚಾರಣೆ. ಬರಹವನ್ನು ಪೂರ್ಣವಾಗಿ, ಅದರ ಸಂದರ್ಭದೊಡನೆ ಓದುವುದು. ಬರೆದವರ ಮಾತು ಕೇಳುವುದು. ತೀರ್ಪು ಹೇಳಿದ ಮೂರು ಮೆಟ್ಟಿಲುಗಳಲ್ಲಿ ಅದನ್ನು ಇರಿಸಿ ನೋಡುವುದು. ಕಾರಣವನ್ನು ಲಿಖಿತವಾಗಿ ಕೊಡುವುದು. ವಂಚನೆ, ಬೆದರಿಕೆ, ಚಿತ್ರಗಳ ದುರುಪಯೋಗಗಳಾದಾಗ ತಡಮಾಡದೆ ಪೊಲೀಸರಿಗೆ ತಿಳಿಸಬೇಕು. ಆರ್ಥಿಕ ವಂಚನೆಗೆ 1930 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಅಭಿಪ್ರಾಯಭೇದಕ್ಕೆ ಮಾತ್ರ ಪೊಲೀಸರನ್ನು ಕರೆಯುವುದು ವಿದ್ಯಾಸಂಸ್ಥೆಗೆ ಭೂಷಣವಲ್ಲ. ಪಾಲಘರದ ಪಾಠ ಇದೇ.

ಈ ನಿಯಮಗಳು ಒಂದು ಪುಟವನ್ನು ಮೀರಬಾರದು. ಅವು ವಿದ್ಯಾರ್ಥಿಗೆ ತಿಳಿಯುವ ಕನ್ನಡದಲ್ಲಿ, ಸಂಸ್ಥೆಯ ಕಚೇರಿಗಾಗಿ ಮರಾಠಿಯಲ್ಲಿ, ಪ್ರವೇಶದ ದಿನವೇ ಕೈಸೇರಬೇಕು.

7. ಸಮಾರೋಪ

ಸಾಮಾಜಿಕ ಜಾಲತಾಣಗಳನ್ನು ನಿಷೇಧಿಸುವುದು ಸುಲಭ. ಅವಕ್ಕೆ ಎಲ್ಲವನ್ನೂ ಒಪ್ಪಿಸಿಬಿಡುವುದು ಇನ್ನೂ ಸುಲಭ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ವಿದ್ಯಾರ್ಥಿಗೆ ಇವೆರಡೂ ಹಾನಿಕರ. ನಿಷೇಧಿಸಿದರೆ, ದುಡಿಮೆ ಮುಗಿಸಿ ರಾತ್ರಿ ಹತ್ತಕ್ಕೆ ಪಾಠ ಕೇಳುವ ಗೃಹಿಣಿಗೆ ಬಾಗಿಲು ಮುಚ್ಚಿದಂತಾಗುತ್ತದೆ. ಎಲ್ಲವನ್ನೂ ಒಪ್ಪಿಸಿದರೆ ಅವಳ ಸಂಖ್ಯೆ, ಅವಳ ಮಾತು, ಅವಳು ಓದಿದ ಪಠ್ಯ ಯಾವುದಕ್ಕೂ ರಕ್ಷಣೆಯಿರುವುದಿಲ್ಲ.

ಕನ್ನಡ ವಿಭಾಗಗಳು ಈ ವಿಷಯದಲ್ಲಿ ತಂತ್ರಜ್ಞರ ಮುಖ ನೋಡಿ ಕುಳಿತಿರಬೇಕಾಗಿಲ್ಲ. ಮಾತು ಯಾರದು, ಎಲ್ಲಿಂದ ಬಂತು, ನಡುವೆ ಏನು ಸೇರಿತು, ಯಾವುದನ್ನು ಉಳಿಸಬೇಕು ಎಂದು ಕೇಳುವುದು ಅವುಗಳ ನಿತ್ಯದ ಕಸುಬು. ಓಲೆಗರಿಗಳಿಗಾಗಿ ಬೆಳೆಸಿಕೊಂಡ ಆ ವಿವೇಕವನ್ನು ವಿದ್ಯಾರ್ಥಿಯ ಕೈಯಲ್ಲಿರುವ ಪರದೆಗೂ ಅನ್ವಯಿಸುವುದು ಇಂದಿನ ಅಧ್ಯಾಪಕರ ಕರ್ತವ್ಯ. ಹಾಗೆ ಮಾಡಿದಲ್ಲಿ, ರಾತ್ರಿ ಶಾಲೆಗಳು ಒಂದು ಕಾಲಕ್ಕೆ ಮುಂಬಯಿ ಕನ್ನಡಿಗರಿಗೆ ಮಾಡಿದ ಉಪಕಾರವನ್ನು ಈ ಹೊಸ ಸಾಧನಗಳೂ ಮುಂದುವರಿಸಬಲ್ಲವು.